‘-ಅಂಥದ್ದು’, ‘-ತಕ್ಕಂಥ’: ಈ ರೂಪಗಳಲ್ಲಿ ಅರ್ಥ ಇನ್ನೂ ಉಳಿದಿದೆಯೇ?

“ನಿನ್ನೆ ನಡೆದಂಥ ಸಭೆಯಲ್ಲಿ ತೆಗೆದುಕೊಂಡಿರುವಂಥ ತೀರ್ಮಾನವನ್ನು ಜಾರಿಗೆ ತರುವಂಥ ಕೆಲಸವನ್ನು ಮಾಡುವಂಥದ್ದು ಆಗಬೇಕು.” ಈ ಬಗೆಯ ವಾಕ್ಯಗಳು ವಾರ್ತೆಯಲ್ಲಿ, ವೇದಿಕೆಯ ಭಾಷಣದಲ್ಲಿ, ಈಚೆಗೆ ಸ್ನೇಹಿತರ ನಡುವಿನ ಮಾತಿನಲ್ಲಿಯೂ ಎಡೆಬಿಡದೆ ಕೇಳಿಬರುತ್ತವೆ. ಇದರಲ್ಲಿರುವ ವಿಷಯವನ್ನು “ನಿನ್ನೆಯ ಸಭೆಯ ತೀರ್ಮಾನವನ್ನು ಜಾರಿಗೆ ತರಬೇಕು” ಎಂದರೆ ಏನೂ ಬಿಟ್ಟುಹೋಗುವುದಿಲ್ಲ. ಹತ್ತು ಪದಗಳ ಕೆಲಸವನ್ನು ಐದೇ ಪದಗಳು ಮಾಡುತ್ತವೆ.

ಪದಗಳು ಹೆಚ್ಚಾದುದಷ್ಟೇ ನನ್ನ ಆಕ್ಷೇಪವಲ್ಲ. ‘ಅಂಥ’ ಎಂಬುದು ಹಳಗನ್ನಡದ ‘ಅಂತಪ್ಪ’ ಎಂಬುದರಿಂದ ‘ಅಂತಹ’ ಎಂಬ ರೂಪದ ಮೂಲಕ ಬಂದದ್ದು. ‘ಅಂತು’ ಎಂದರೆ ಹಾಗೆ, ‘ಅಪ್ಪ’ ಎಂದರೆ ಆಗುವ. ಆದ್ದರಿಂದ ಅದು ಒಂದು ಬಗೆಯನ್ನು, ಒಂದು ಯೋಗ್ಯತೆಯನ್ನು ಸೂಚಿಸುವ ಮಾತು. ‘ನಾನು ಓದುವ ಪುಸ್ತಕ’ ಎಂದರೆ ಕೈಯಲ್ಲಿರುವ ಪುಸ್ತಕ. ‘ಓದುವಂಥ ಪುಸ್ತಕ’ ಎಂದರೆ ಓದಲು ಯೋಗ್ಯವಾದ ಪುಸ್ತಕ. ‘ಹೇಳುವುದು ಏನೂ ಇಲ್ಲ’ ಎಂದವರ ಮಾತು ಮುಗಿದಿದೆ. ‘ಹೇಳುವಂಥದ್ದು ಏನೂ ಇಲ್ಲ’ ಎಂದವರ ಬಳಿ ವಿಷಯವಿದ್ದರೂ ಅದು ಹೇಳಿಕೊಳ್ಳುವಷ್ಟು ದೊಡ್ಡದಲ್ಲ. ಇಷ್ಟು ನಯವಾದ ಭೇದವನ್ನು ಒಂದೇ ಪ್ರತ್ಯಯದಿಂದ ತೋರಿಸಬಲ್ಲ ಸೌಕರ್ಯ ನಮಗಿರುವಾಗ, ‘ಓದುವ’, ‘ನಡೆದ’ ಎಂಬಂತೆ ಧಾತುವಿನಿಂದಾದ ಪ್ರತಿಯೊಂದು ಕೃದಂತಕ್ಕೂ ‘ಅಂಥ’ವನ್ನು ಹಚ್ಚುತ್ತ ಹೋದರೆ, ಅದು ನಿಜವಾಗಿ ಬೇಕಾದ ಕಡೆಯಲ್ಲಿಯೂ ಕೇಳುವವರ ಗಮನಕ್ಕೆ ಬಾರದೆ ಹೋಗುತ್ತದೆ.

‘ತಕ್ಕಂಥ’ದ ಸ್ಥಿತಿ ಇನ್ನೂ ಕಷ್ಟದ್ದು. ‘ತಕ್ಕ’ ಎಂದರೆ ಯೋಗ್ಯವಾದ, ಉಚಿತವಾದ. ‘ಅರ್ಜಿಯನ್ನು ಸಲ್ಲಿಸತಕ್ಕದ್ದು’ ಎಂದು ನಿಯಮಗಳಲ್ಲಿ ಬರೆದಾಗ ಅದು ಕಡ್ಡಾಯವನ್ನು ಹೇಳುತ್ತದೆ. ಹಾಗಿರುವಾಗ ಆಗಿಹೋದ ಸಂಗತಿಯನ್ನು ಕುರಿತು ‘ನಡೆದಿರತಕ್ಕಂಥ ಘಟನೆ’ ಎನ್ನುವಲ್ಲಿ ಯಾವ ಯೋಗ್ಯತೆ, ಯಾವ ಕಡ್ಡಾಯ? ‘ನಡೆದ ಘಟನೆ’ ಎಂಬುದಕ್ಕಿಂತ ಹೆಚ್ಚಿನದೇನನ್ನೂ ಅದು ಹೇಳುತ್ತಿಲ್ಲ. ಮುಂದಿನ ಪದ ಹೊಳೆಯುವವರೆಗೆ ಮಾತು ನಿಲ್ಲದಿರಲಿ ಎಂಬುದು ಇದಕ್ಕೆ ಒಂದು ಕಾರಣವಿರಬೇಕು. ಉದ್ದವಾದ ರೂಪಕ್ಕೆ ಗಾಂಭೀರ್ಯವಿದೆ ಎಂಬ ಭಾವನೆ ಇನ್ನೊಂದು.

ಸವೆದ ಮಾತುಗಳು ಬೇರೆಯೂ ಇವೆ. ಕಾವ್ಯಮೀಮಾಂಸೆಯಲ್ಲಿ ವಿಸ್ಮಯವನ್ನು ಸ್ಥಾಯಿಭಾವವಾಗಿ, ಅಂದರೆ ನೆಲೆಯಾದ ಭಾವವಾಗಿ, ಉಳ್ಳ ರಸದ ಹೆಸರಾದ ‘ಅದ್ಭುತ’ ಈಗ ‘ಚೆನ್ನಾಗಿದೆ’ ಎಂಬಷ್ಟಕ್ಕೇ ಇಳಿದಿದೆ. ಆದರೆ ‘ಒಂಥರಾ’, ‘ಪರವಾಗಿಲ್ಲ’ ಮೊದಲಾದವನ್ನು ನಾನು ಈ ಸಾಲಿಗೆ ಸೇರಿಸಲಾರೆ. ‘ಮನಸ್ಸಿಗೆ ಒಂಥರಾ ಆಗಿದೆ’ ಎಂಬ ಮಾತಿನ ಅಸ್ಪಷ್ಟತೆ ಹೇಳುವವರ ಮನಸ್ಸಿನ ಅಸ್ಪಷ್ಟತೆಯೇ ಆಗಿರುವುದರಿಂದ ಅಲ್ಲಿ ಪದ ತನ್ನ ಕೆಲಸವನ್ನು ಪ್ರಾಮಾಣಿಕವಾಗಿಯೇ ಮಾಡುತ್ತಿದೆ.

ಬಲ್ಲವರಲ್ಲಿ ನನ್ನ ಪ್ರಶ್ನೆಗಳು ಎರಡು. ಭೂತಕೃದಂತದ ಮುಂದೆ ಬರುವ ‘ಅಂಥ’ಕ್ಕೆ, ಅಂದರೆ ‘ನಡೆದಂಥ’, ‘ಬಂದಂಥ’ ಎಂಬಲ್ಲಿ, ಬರಿಯ ‘ನಡೆದ’, ‘ಬಂದ’ ಎಂಬುದಕ್ಕಿಂತ ಭಿನ್ನವಾದ ಅರ್ಥವನ್ನು ಕೊಡುವ ಸಹಜ ಪ್ರಯೋಗಗಳು ಯಾವುದಾದರೂ ಉಪಭಾಷೆಯಲ್ಲಿ ಉಂಟೇ? ‘ಇರತಕ್ಕ’ ಎಂಬುದು ‘ಇರಬೇಕಾದ’ ಎಂಬ ಅರ್ಥವನ್ನು ಬಿಟ್ಟು ಬರಿಯ ‘ಇರುವ’ ಎಂಬ ಅರ್ಥದಲ್ಲಿ ಬರಹಕ್ಕೆ ಇಳಿದದ್ದು ಯಾವ ಕಾಲದ ಗದ್ಯದಿಂದ? ಉದಾಹರಣೆಗಳನ್ನು ಅವುಗಳ ಪೂರ್ಣ ವಾಕ್ಯದೊಡನೆ ಕೊಟ್ಟರೆ ಉಪಕಾರವಾಗುತ್ತದೆ.