ಪದಚರ್ಚೆ: ದತ್ತು ತಗೊಂಡ ತಾಯಿಗೆ ಒಂದು ಪದ ಬೇಕು (ಇವತ್ತೇ)

ಎಲ್ಲರಿಗೂ ನಮಸ್ಕಾರ.

ಭಾನುವಾರ ದಾವಣಗೆರೆಯಲ್ಲಿ ನಾವು ಕೆಲವರು ಸೇರಿ ಒಂದು ಸಿನಿಮಾ ತೋರಿಸುತ್ತಿದ್ದೇವೆ. ಹೊರದೇಶದ್ದು. ಮಗುವನ್ನು ಹೆತ್ತು ಕೊಟ್ಟುಬಿಟ್ಟವಳು ಒಬ್ಬಳು, ದತ್ತು ತಗೊಂಡವಳು ಇನ್ನೊಬ್ಬಳು, ಇಬ್ಬರ ಕತೆ. ಬ್ಯಾನರ್‌ಗೂ ಸಬ್‌ಟೈಟಲ್‌ಗೂ ಒಂದು ಜೋಡಿ ಪದ ಬೇಕು. 'ಹೆತ್ತ ತಾಯಿ'ಗೆ ಯಾರ ತಕರಾರೂ ಇಲ್ಲ. ಇನ್ನೊಬ್ಬಳಿಗೆ 'ಸಾಕು ತಾಯಿ' ಅಂತ ಬರೆದುಕೊಟ್ಟಿದ್ದೆ. ಡಿಟಿಪಿ ಹುಡುಗ 'ಸಾಕು' ಮೇಲಿನ ಸಾಲಿಗೆ, 'ತಾಯಿ' ಕೆಳಗಿನ ಸಾಲಿಗೆ ಹಾಕಿ ಕಳಿಸಿದ್ದಾನೆ. ಓದಿದರೆ 'ಸಾಕು ತಾಯಿ, ಇನ್ನು ಬಿಡು' ಅಂದ ಹಾಗಿದೆ. ಸಂಜೆ ಐದಕ್ಕೆ ಪ್ರಿಂಟಿಗೆ ಹೋಗುತ್ತೆ. 'ದತ್ತು ತಾಯಿ' ನಡೆಯುತ್ತಾ?

*

> 'ದತ್ತು ತಾಯಿ' ನಡೆಯುತ್ತಾ?

ನಡೆಯಲ್ಲ. ದತ್ತ ಅಂದರೆ ಕೊಟ್ಟದ್ದು. ಮಗುವನ್ನು ಕೊಡುತ್ತಾರೆ, ತಾಯಿಯನ್ನು ಯಾರು ಕೊಟ್ಟರು? ಮೇಲಾಗಿ ಅರಿಸಮಾಸ, ಅಂದರೆ ಸಂಸ್ಕೃತ ಪದಕ್ಕೆ ಕನ್ನಡ ಪದ ಅಂಟಿಸಿದ್ದು. ವ್ಯಾಕರಣ ಬರೆದ ಕೇಶಿರಾಜ 13ನೇ ಶತಮಾನದಲ್ಲೇ ಬೇಡ ಅಂದದ್ದನ್ನು ಬ್ಯಾನರ್ ಮೇಲೆ ಹಾಕಬೇಡಿ.

*

ಅರಿಸಮಾಸದ ಮಾತು ಬಿಡಿ. ದತ್ತ ಯಾವತ್ತೋ ದತ್ತು ಆಗಿ ನಮ್ಮದಾಗಿದೆ. 'ದತ್ತು ಹೋದ', 'ದತ್ತು ಬಂದ', ಕೊನೆಗೆ 'ಶಾಲೆ ದತ್ತು ತಗೊಂಡರು' ಅಂತಲೂ ಅನ್ನುತ್ತೇವೆ. ಕಿತ್ತೂರಿನ ಪಾಠ ಓದಿದ ಮಕ್ಕಳಿಗೆಲ್ಲ ಗೊತ್ತು. 1824ರಲ್ಲಿ ಕಂಪನಿಯವರು ಒಪ್ಪದೆ ಹೋದದ್ದು ದತ್ತನ್ನೇ ಅಲ್ವಾ?

ತಾಯಿಗೆ ಪದ ಹುಟ್ಟದೆ ಇರೋದಕ್ಕೆ ಕಾನೂನೂ ಕಾರಣ ಅಂತ ನನ್ನ ಗುಮಾನಿ. 1956ರ ಹಿಂದೂ ದತ್ತಕ ಕಾಯ್ದೆಯಲ್ಲಿ ಗಂಡನಿದ್ದವಳು ಸಾಮಾನ್ಯವಾಗಿ ತಾನಾಗಿ ದತ್ತು ತಗೊಳ್ಳುವ ಹಾಗಿರಲಿಲ್ಲ. ಗಂಡ ತಗೊಳ್ಳಬೇಕು, ಇವಳು ಹೂಂ ಅನ್ನಬೇಕು. ಅದು ಬದಲಾದದ್ದು 2010ರಲ್ಲಿ. ಅಲ್ಲಿಯವರೆಗೆ ಅವಳಿಗೊಂದು ಹೆಸರು ಯಾರಿಗೆ ಬೇಕಿತ್ತು?

*

'ಪೋಷಕ ಮಾತೆ' ಹಾಕಿ. ಗಾಂಭೀರ್ಯ ಇರುತ್ತೆ.

*

ಬೇಡ. ಶಾಲೆಯ ಪೋಷಕರ ಸಭೆಗೆ ಬಂದವಳ ಹಾಗೆ ಕಾಣುತ್ತಾಳೆ.

*

ಚಳ್ಳಕೆರೆಯಿಂದ ಬರೀತಿದ್ದೇನೆ. ನಾನು ದತ್ತು ತಗೊಂಡವಳು. ಮಗಳ ಜನನ ಪ್ರಮಾಣಪತ್ರದಲ್ಲಿ ತಾಯಿ ಅನ್ನೋ ಕಡೆ ನನ್ನ ಹೆಸರಿದೆ, ಹಿಂದೆ ಮುಂದೆ ಏನೂ ಅಂಟಿಸಿಲ್ಲ. ಶಾಲೆಯ ಫಾರಂನಲ್ಲಿ 'ಹೆತ್ತವರ ಸಹಿ' ಅಂತಿದ್ದರೂ ನಾನೇ ಹಾಕೋದು, ಯಾರೂ ಏನೂ ಕೇಳಿಲ್ಲ. 'ಸಾಕು' ಮಾತ್ರ ನನಗೆ ಹಿಡಿಸಲ್ಲ. ಸಾಕುನಾಯಿ, ಸಾಕುಕೋಳಿ ಪಕ್ಕ ಕೂರಿಸಿದ ಹಾಗೆ. ಮಗುವನ್ನು ಸ್ವಲ್ಪ ಕಾಲ ಮನೆಯಲ್ಲಿಟ್ಟುಕೊಂಡು ನೋಡಿಕೊಳ್ಳೋದೇ ಬೇರೆ, ದತ್ತೇ ಬೇರೆ. 2015ರ ಬಾಲನ್ಯಾಯ ಕಾಯ್ದೆಯೂ ಎರಡನ್ನೂ ಬೇರೆಯಾಗೇ ಇಟ್ಟಿದೆ. ಸಿನಿಮಾದವಳನ್ನು ಸುಮ್ನೆ 'ತಾಯಿ' ಅನ್ನಿ. ಬೇಕಿದ್ದರೆ ಕೊಟ್ಟವಳಿಗೆ ಒಂದು ವಿಶೇಷಣ ಹುಡುಕಿ.

*

ಸಾಕುನಾಯಿಯಲ್ಲಿ ನಾಯಿಯನ್ನು ಸಾಕುತ್ತೇವೆ. ಸಾಕುತಾಯಿಯಲ್ಲಿ ತಾಯಿಯೇ ಸಾಕುತ್ತಾಳೆ. ಎರಡೂ ಗಮಕ ಸಮಾಸ (ಇಲ್ಲಿ ಕ್ರಿಯೆ ಹೇಳುವ ಪದ ನಾಮಪದಕ್ಕೆ ಸೇರಿದೆ), ಅರ್ಥ ತಿರುಗುಮುರುಗು. ಬೇಜಾರು ಮಾಡಿಕೊಳ್ಳುವಂಥದ್ದು ಏನಿಲ್ಲ. ಕೂಡಿಸಿ ಬರೆದರೆ ಡಿಟಿಪಿ ತೊಂದರೆಯೂ ಹೋಯಿತು. ಅಚ್ಚಗನ್ನಡದಲ್ಲೇ ಪದ ಇರುವಾಗ ಸಂಸ್ಕೃತದ ಮನೆಗೆ ಕಡ ಕೇಳಲು ಹೋಗೋದು ಯಾಕೆ? 'ಸಬ್‌ಟೈಟಲ್' ಅಂತ ಬರೆಯುವವರಿಗೆ ಇದೆಲ್ಲ ರುಚಿಸಲಿಕ್ಕಿಲ್ಲ.

*

'ಗಮಕ', 'ಸಮಾಸ', 'ಅರ್ಥ' ಇವೆಲ್ಲ ಯಾವ ಮನೆಯಿಂದ ಬಂದವು ಸ್ವಾಮಿ?

*

ಹೊಸದುರ್ಗದವನು. ನಮ್ಮ ಕಡೆ ಹಡೆದವ್ವ, ಸಾಕಿದವ್ವ. ಮುಗೀತು. 'ಸಾಕಿದ' ಅಂದರೆ 'ಸಾಕಪ್ಪಾ ಸಾಕು' ಅಂತಲೂ ಕೇಳಿಸಲ್ಲ. ಕರ್ಣನನ್ನು ರಾಧೇಯ ಅಂತ ಕರೆಯುವಾಗ ಸಾಕಿದವಳ ಹೆಸರೇ ಹಿಡಿದದ್ದು, ಕೌಂತೇಯ ಆಮೇಲೆ ಬಂತು. ಇಷ್ಟು ಜಗ್ಗಾಡುವುದರಲ್ಲಿ ಬ್ಯಾನರೇ ಹರಿದುಹೋಗುತ್ತೆ.

*

ಬ್ಯಾನರ್ ಹೋಯಿತು. 'ಹಡೆದವಳು ಒಬ್ಬಳು, ಬೆಳೆಸಿದವಳು ಒಬ್ಬಳು' ಅಂತ ಹಾಕಿಸಿದೆ. ಚಳ್ಳಕೆರೆಯವರ ಮಾತು ಸರಿ ಅನ್ನಿಸಿತು. ಸಬ್‌ಟೈಟಲ್‌ನಲ್ಲಿ ಬೆಳೆಸಿದವಳು ಬರೀ 'ಅಮ್ಮ'.

ಇನ್ನೊಂದು ಉಳಿದಿದೆ. ಮಗಳು ಸಿಟ್ಟಿನಲ್ಲಿ 'ನೀನು ನಿಜವಾದ ಅಮ್ಮ ಅಲ್ಲ' ಅನ್ನುವ ಜಾಗ. ನಮ್ಮ ಮನೆ ಮಕ್ಕಳು ಹಾಗೆ ಮಾತಾಡಲ್ಲ. 'ನೀನೇನು ನನ್ನ ಹೆತ್ತಿದ್ಯಾ?' ಅಂತ ಇಟ್ಟಿದ್ದೇನೆ. ಇದಕ್ಕಿಂತ ಚುಚ್ಚುವಂಥದ್ದು ಇದ್ದರೆ ಶನಿವಾರದೊಳಗೆ ಕಳಿಸಿ. ಸಮಾಸದ ಜಗಳ ಬೇರೆ ಎಳೆಯಲ್ಲಿ ಇಟ್ಟುಕೊಳ್ಳಿ.