ಹಳೆಯ ಫ್ಲ್ಯಾಟ್ ಕೊಂಡಾಗ ಬಾಗಿಲಿನ ಬೀಗವನ್ನು ಬದಲಿಸಲೇಬೇಕೆ?

ಪ್ರಶ್ನೆ (ಡೊಂಬಿವಲಿ ಪೂರ್ವ):

ಎಲ್ಲರಿಗೂ ನಮಸ್ಕಾರ. ಇಲ್ಲಿನ ಹಳೆಯ ಸೊಸೈಟಿಯೊಂದರಲ್ಲಿ ಒಬ್ಬರು ವಾಸವಿದ್ದ ಫ್ಲ್ಯಾಟನ್ನು ಕೊಂಡಿದ್ದೇವೆ. ಹೊರಗಿನ ಸೇಫ್ಟಿ ಡೋರಿಗೆ ಹಳೆಯ ನೈಟ್ ಲ್ಯಾಚ್ ಇದೆ; ಒಳಗಿನ ಮರದ ಬಾಗಿಲಿಗೆ ಹಿಡಿಕೆಯೊಡನೆ ಬಾಗಿಲಿನ ದಪ್ಪದೊಳಗೇ ಕೂರಿಸಿದ ಬೀಗವಿದೆ. ಮಾರಿದವರು ಸಜ್ಜನರು, ತಮ್ಮಲ್ಲಿದ್ದ ಕೀಲಿಕೈಗಳನ್ನೆಲ್ಲ ಒಂದು ದಾರಕ್ಕೆ ಪೋಣಿಸಿ ಕೊಟ್ಟಿದ್ದಾರೆ. ಆದರೆ ಅವುಗಳಲ್ಲಿ ಒಂದು ಕಂಪನಿಯದಲ್ಲ, ಚಾವಿವಾಲಾನ ಬಳಿ ಮಾಡಿಸಿದ ನಕಲು. ಚೆನ್ನಾಗಿರುವ ಬೀಗಕ್ಕೆ ದುಡ್ಡು ಸುರಿಯುವುದೇಕೆ ಎಂಬುದು ನಮ್ಮ ಮಾವನವರ ವಾದ. ಮಳೆ ಹಿಡಿದ ಮೇಲೆ ಒಳಬಾಗಿಲನ್ನು ಎಳೆದು ಹಿಡಿದರಷ್ಟೇ ಕೀಲಿ ತಿರುಗುತ್ತಿದೆ. ಮುಂದಿನ ತಿಂಗಳು ಅಡುಗೆಮನೆಯ ಕೆಲಸಕ್ಕೆ ಬಡಗಿಯೂ ಪ್ಲಂಬರೂ ಬರಲಿದ್ದಾರೆ. ಬೀಗವನ್ನು ಬದಲಿಸಬೇಕೆ, ಬದಲಿಸುವುದಾದರೆ ಯಾವಾಗ ಎಂದು ಅನುಭವಸ್ಥರು ತಿಳಿಸಬೇಕಾಗಿ ವಿನಂತಿ.

ಉತ್ತರ (ಮುಲುಂಡ್):

ಬೀಗಕ್ಕೆ ಎಷ್ಟು ವಯಸ್ಸಾಯಿತು ಎಂಬುದನ್ನು ಬದಿಗಿಟ್ಟು, ಅದರ ಕೀಲಿಕೈಗಳು ಯಾರ ಯಾರ ಬಳಿ ಇವೆ ಎಂಬ ಲೆಕ್ಕ ನಿಮಗೆ ಸಿಗುತ್ತದೆಯೇ ಎಂದು ಮೊದಲು ನೋಡಿಕೊಳ್ಳಿ. ನಮ್ಮ ಮುಂಬಯಿಯ ಮನೆಗಳಲ್ಲಿ ಒಂದು ಕೀಲಿ ಪಕ್ಕದ ಮನೆಯಲ್ಲಿರುತ್ತದೆ, ಒಂದು ಮನೆಗೆಲಸದಾಕೆಯ ಬಳಿ ಇರುತ್ತದೆ, ಮನೆ ಮಾರಾಟಕ್ಕಿಟ್ಟ ದಿನದಿಂದ ಮತ್ತೊಂದು ಬ್ರೋಕರನ ಜೇಬಿನಲ್ಲಿರುತ್ತದೆ. ಅವರೆಲ್ಲರೂ ಪ್ರಾಮಾಣಿಕರೇ ಇರಬಹುದು. ಆದರೆ ಅವರ ಕೈಯಿಂದ ಆ ಕೀಲಿ ಇನ್ನೆಲ್ಲಿಗೆ ಹೋಗಿದೆ ಎಂಬುದು ಮಾರಿದವರಿಗೂ ಗೊತ್ತಿರುವುದಿಲ್ಲ. ದಾರದಲ್ಲಿ ಒಂದು ನಕಲು ಇದೆ ಎಂದ ಮೇಲೆ ಇನ್ನೊಂದು ಇಲ್ಲವೆನ್ನಲು ಆಧಾರವಿಲ್ಲ. ಆದ್ದರಿಂದ ನಿಮ್ಮ ಮನೆಯ ಮಟ್ಟಿಗೆ ಬದಲಿಸುವುದೇ ಸರಿ. ಮಾವನವರಿಗೆ ಬೀಗ ಕೆಟ್ಟಿದೆ ಎಂದು ಹೇಳಬೇಡಿ, ಕೀಲಿಗಳ ಲೆಕ್ಕ ತಪ್ಪಿದೆ ಎಂದು ಹೇಳಿ.

ಆದರೆ ಈಗಲೇ ಬೇಡ. ಬಡಗಿಯೂ ಪ್ಲಂಬರೂ ಓಡಾಡುವಾಗ ಹೊಸ ಕೀಲಿಯೂ ಕೈಯಿಂದ ಕೈಗೆ ಹೋಗುವುದರಿಂದ, ಕೆಲಸ ಮುಗಿಯುವವರೆಗೆ ಹಳೆಯ ಬೀಗವೇ ಇರಲಿ, ಬೆಲೆಬಾಳುವ ವಸ್ತುಗಳನ್ನು ಅಲ್ಲಿಗೆ ಸಾಗಿಸಬೇಡಿ. ಕೆಲಸಗಾರರ ಕೊನೆಯ ದಿನ ಸಂಜೆ ಹೊಸದನ್ನು ಹಾಕಿಸಿ.

ಉತ್ತರ (ಪುಣೆ, ಕೋಥರೂಡ್):

ಮೇಲಿನವರ ಮಾತನ್ನು ಒಪ್ಪುತ್ತೇನೆ, ಆದರೆ ಇಡೀ ಬೀಗವನ್ನು ಕಿತ್ತು ಹಾಕುವ ಅಗತ್ಯವಿಲ್ಲವೆಂದು ಸೇರಿಸಬಯಸುತ್ತೇನೆ. ನಿಮ್ಮ ಒಳಬಾಗಿಲಿನಂಥ ಬೀಗಗಳಲ್ಲಿ ಕೀಲಿ ತೂರಿಸುವ ಭಾಗ ಸಾಮಾನ್ಯವಾಗಿ ಪ್ರತ್ಯೇಕ ಸಿಲಿಂಡರ್ ಆಗಿರುತ್ತದೆ. ಅದರೊಳಗೆ ಸ್ಪ್ರಿಂಗುಗಳು ಒತ್ತಿ ಹಿಡಿದ ಸಣ್ಣ ಪಿನ್ನುಗಳ ಜೋಡಿಗಳಿದ್ದು, ಕೀಲಿಯ ಹಲ್ಲುಗಳು ಅವನ್ನೆಲ್ಲ ಒಂದೇ ಮಟ್ಟಕ್ಕೆ ಎತ್ತಿದಾಗ ಮಾತ್ರ ಸಿಲಿಂಡರಿನ ಒಳತಿರುಳು ತಿರುಗುತ್ತದೆ. ಸಿಲಿಂಡರ್ ಬದಲಾದರೆ ಹಳೆಯ ಕೀಲಿಗಳೆಲ್ಲ ನಿರರ್ಥಕವಾಗುತ್ತವೆ. ಹಿಡಿಕೆ, ಅಗುಳಿ, ತಗಡು ಯಾವುದನ್ನೂ ಮುಟ್ಟಬೇಕಿಲ್ಲ.

ಬಾಗಿಲನ್ನು ತೆರೆದು ಅದರ ಅಂಚನ್ನು ನೋಡಿದರೆ ಸಿಲಿಂಡರಿನ ನೇರಕ್ಕೆ ಒಂದು ಉದ್ದನೆಯ ಸ್ಕ್ರೂ ಕಾಣುತ್ತದೆ. ಅದನ್ನು ಬಿಚ್ಚಿ, ಕೀಲಿಯನ್ನು ತೂರಿಸಿ ತುಸುವೇ ತಿರುಗಿಸಿ ಎಳೆದರೆ ಸಿಲಿಂಡರ್ ಜಾರಿ ಹೊರಬರುತ್ತದೆ. ಬಾರದಿದ್ದರೆ ಬಲ ಹಾಕಬೇಡಿ, ಕೀಲಿಯ ಕೋನವನ್ನು ಸ್ವಲ್ಪ ಹಿಂದೆ ಮುಂದೆ ಮಾಡಿ. ಅಳತೆ 60 ಮಿಲಿಮೀಟರೋ 70 ಮಿಲಿಮೀಟರೋ ಎಂದು ಊಹಿಸುತ್ತ ಕೂರುವ ಬದಲು ಹಳೆಯದನ್ನೇ ಅಂಗಡಿಗೆ ಒಯ್ಯಿರಿ. ಸ್ಕ್ರೂ ರಂಧ್ರದಿಂದ ಎರಡೂ ಬದಿಯ ಉದ್ದ ಹೊಂದಬೇಕು. ಹೊರಗಡೆ ಸಿಲಿಂಡರ್ ತಗಡಿಗಿಂತ ಬಹಳ ಮುಂದಕ್ಕೆ ಚಾಚಿದ್ದರೆ ಇಕ್ಕಳದಿಂದ ಹಿಡಿದು ಮುರಿಯುವವರಿಗೆ ಅನುಕೂಲವಾಗುತ್ತದೆ. ಗೋದ್ರೆಜ್ 1897ರಲ್ಲಿ ಬೀಗಗಳಿಂದಲೇ ವ್ಯವಹಾರ ಆರಂಭಿಸಿದ್ದು ನಿಮ್ಮ ಮುಂಬಯಿಯಲ್ಲಿ, ಅಲ್ಲಿ ಬಿಡಿಭಾಗಗಳಿಗೆ ಬರವಿರಲಾರದು! ನೈಟ್ ಲ್ಯಾಚಿನ ವಿಷಯ ಬೇರೆ. ಹಳೆಯ ಮಾದರಿಗೆ ಬಿಡಿ ಸಿಲಿಂಡರ್ ದೊರೆಯದಿದ್ದರೆ ಅದನ್ನು ಪೂರ್ತಿ ಬದಲಿಸಿ.

ಎಳೆದು ಹಿಡಿದರೆ ಮಾತ್ರ ತಿರುಗುವುದು ಬಹುಮಟ್ಟಿಗೆ ಬೀಗದ ದೋಷವಲ್ಲ. ಮಳೆಗಾಲದಲ್ಲಿ ಮರ ಉಬ್ಬಿ, ಅಗುಳಿಯು ಚೌಕಟ್ಟಿನ ತೂತಿಗೆ ನೇರವಾಗಿ ಬೀಳುವುದಿಲ್ಲ. ಬಾಗಿಲು ತೆರೆದಿರುವಾಗ ಕೀಲಿ ತಿರುಗಿಸಿ ನೋಡಿ: ಸಲೀಸಾಗಿ ತಿರುಗಿದರೆ ಬಡಗಿಯ ಕೆಲಸ, ಆಗಲೂ ತೊಡಕಾದರೆ ಸಿಲಿಂಡರ್ ಸವೆದಿದೆ.

ಉತ್ತರ (ಗೋವಾ, ವಾಸ್ಕೊ):

ಕೀಲಿ ತಿರುಗಲು ತೊಡಕಾಯಿತೆಂದು ಬೀಗಕ್ಕೆ ಕೊಬ್ಬರಿ ಎಣ್ಣೆ ಬಿಡುವ ನಮ್ಮವರ ಅಭ್ಯಾಸದ ಬಗ್ಗೆ ಒಂದು ಮಾತು. ಎಣ್ಣೆಗೆ ಧೂಳು ಅಂಟಿ ಪಿನ್ನುಗಳ ಸಂದಿಯಲ್ಲಿ ಜಿಡ್ಡುಗಟ್ಟುತ್ತದೆ, ಎರಡು ದಿನದ ಸುಖಕ್ಕೆ ಎರಡು ವರ್ಷದ ಕಷ್ಟ. ಗ್ರಾಫೈಟ್ ಪುಡಿಯನ್ನು ಕೀಲಿಗೆ ಸವರಿ ಕೆಲವು ಬಾರಿ ಆಡಿಸಿದರೆ ಸಾಕು. ಸಮುದ್ರದ ಉಪ್ಪುಗಾಳಿ ತಗಲುವ ಮನೆಗಳಲ್ಲಿ ಇಷ್ಟೂ ಪ್ರಯೋಜನಕ್ಕೆ ಬಾರದೆ ಸ್ಪ್ರಿಂಗು ತುಕ್ಕು ಹಿಡಿಯಬಹುದು. ಕೀಲಿ ಹೊರಬರುವಾಗ ಕೆಂಪು ಪುಡಿ ಅಂಟಿಕೊಂಡಿದ್ದರೆ, ಯಾರ ಬಳಿ ಎಷ್ಟು ಕೀಲಿ ಇದೆ ಎಂಬ ಲೆಕ್ಕ ಸರಿಯಾಗಿದ್ದರೂ, ಬೀಗ ಪೂರ್ತಿ ಕಚ್ಚಿಕೊಳ್ಳುವ ಮೊದಲೇ ಬದಲಿಸುವುದು ಒಳ್ಳೆಯದು. ರಾತ್ರಿ ಹನ್ನೊಂದಕ್ಕೆ ಬಾಗಿಲ ಹೊರಗೆ ನಿಂತು ಚಾವಿವಾಲಾನನ್ನು ಹುಡುಕುವ ಖರ್ಚು ಹೊಸ ಸಿಲಿಂಡರಿಗಿಂತ ಹೆಚ್ಚು.

ಪ್ರಶ್ನೆ ಕೇಳಿದವರು (ಡೊಂಬಿವಲಿ ಪೂರ್ವ):

ಎಲ್ಲರಿಗೂ ಧನ್ಯವಾದಗಳು. ಬಾಗಿಲು ತೆರೆದಿಟ್ಟಾಗ ಕೀಲಿ ನುಣುಪಾಗಿ ತಿರುಗುತ್ತಿದೆ, ಆದ್ದರಿಂದ ಚೌಕಟ್ಟಿನ ತೂತನ್ನು ಬಡಗಿಯಿಂದಲೇ ಸರಿಪಡಿಸಿಕೊಂಡು, ಅವರ ಕೆಲಸ ಮುಗಿದ ದಿನ ಸಿಲಿಂಡರನ್ನೂ ಲ್ಯಾಚನ್ನೂ ಬದಲಿಸುತ್ತೇವೆ. ನನ್ನ ತಮ್ಮ ಅಂಧೇರಿಯಲ್ಲಿ ಬಾಡಿಗೆಗಿದ್ದಾನೆ. ಅವನೂ ಹೀಗೆ ಮಾಡಬಹುದೇ?

ಉತ್ತರ (ಮುಲುಂಡ್):

ಮಾಲೀಕರ ಒಪ್ಪಿಗೆಯನ್ನು ಬರಹದಲ್ಲಿ ಪಡೆದು ಮಾಡಲಿ. 1999ರ ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯ್ದೆಯಂತೆ ಮನೆಯನ್ನು ಗೊತ್ತಾದ ಅವಧಿಗೆ ವಾಸಕ್ಕೆ ಕೊಡುವ ಲೀವ್ ಅಂಡ್ ಲೈಸೆನ್ಸ್ ಕರಾರು ಬರಹದಲ್ಲಿದ್ದು ನೋಂದಣಿಯಾಗಬೇಕು. ಹೊಸದಾಗಿ ಕರಾರು ಮಾಡುವವರು ಬೀಗದ ಬಗೆಗಿನ ಒಂದು ವಾಕ್ಯವನ್ನು ಅದರಲ್ಲೇ ಸೇರಿಸಿಕೊಂಡರೆ ಮುಂದೆ ಮಾತು ಬೆಳೆಯುವುದಿಲ್ಲ. ತೆಗೆದ ಸಿಲಿಂಡರನ್ನು ಅದರ ಕೀಲಿಗಳ ಸಮೇತ ಕಟ್ಟಿಟ್ಟು, ಮನೆ ಬಿಡುವಾಗ ಮರಳಿ ಕೂರಿಸಿ ಕೊಡಲಿ.