‘ಡ್ಯೂಡ್’ ಅಂದರೆ ದೋಸ್ತನೋ, ‘ಲೇ’ಯೋ?

ಮೊನ್ನೆ ದಾವಣಗೆರೆಯಲ್ಲಿ ಬೆಣ್ಣೆದೋಸೆಗೆ ಕಾಯುತ್ತಾ ಕೂತಿದ್ದೆ. ಪಕ್ಕದ ಮೇಜಿನ ಕಾಲೇಜು ಹುಡುಗಿ ಗೆಳತಿಗೆ ಅಂದಳು: “ಡ್ಯೂಡ್, ಸ್ವಲ್ಪ ಪಲ್ಯ ಕೊಡೇ.” ಮೊದಲಿಗೆ ಗಂಡಸನ್ನು ಕರೆಯುವ ಪದ, ಕೊನೆಗೆ ಹೆಂಗಸಿಗೆ ಹೇಳುವ ‘ಕೊಡೇ’. ಇಬ್ಬರಿಗೂ ಏನೂ ಅನ್ನಿಸಲಿಲ್ಲ. ನನಗೆ ಮಾತ್ರ ದೋಸೆ ಬಂದದ್ದೂ ತಿಳಿಯಲಿಲ್ಲ.

1883ರಲ್ಲಿ ನ್ಯೂಯಾರ್ಕಿನಲ್ಲಿ ಈ ಪದ ಎಲ್ಲರ ಬಾಯಿಗೆ ಬಿದ್ದಾಗ ಅದು ಬೈಗುಳಕ್ಕೆ ಹತ್ತಿರವಿತ್ತು. ಅತಿಯಾಗಿ ಸಿಂಗರಿಸಿಕೊಂಡು ಇಂಗ್ಲೆಂಡಿನ ಸಿರಿವಂತರಂತೆ ನಡೆಯುವವನು ಡ್ಯೂಡ್, ನಮ್ಮ ‘ಶೋಕಿಲಾಲ’. ಪೆದ್ದ ಎಂಬ ಅರ್ಥವಿದ್ದ ‘ಡೂಡಲ್’ ಮೊಟಕಾಗಿ ಹೀಗಾಯಿತೆಂಬುದು ಪದಮೂಲ ಹುಡುಕಿದವರ ವಾದ. ಪಶ್ಚಿಮ ಅಮೆರಿಕದ ದನಗಾಹಿಗಳ ನಡುವೆ ಬಂದು ನಿಂತ ಪ್ಯಾಟಿಯವನಿಗೂ ಅದೇ ಹೆಸರು. 1930–40ರ ದಶಕಗಳಲ್ಲಿ ಆಫ್ರಿಕನ್ ಅಮೆರಿಕನ್ ಮತ್ತು ಮೆಕ್ಸಿಕೋ ಮೂಲದ ಹುಡುಗರು ತಮ್ಮತಮ್ಮಲ್ಲೇ ಹೀಗೆ ಕರೆದುಕೊಂಡು ಅದನ್ನು ಸಲುಗೆಯ ಮಾತಾಗಿಸಿದರು. ಕ್ಯಾಲಿಫೋರ್ನಿಯಾದ ಅಲೆಸವಾರರು (ಹಲಗೆ ಮೇಲೆ ನಿಂತು ಕಡಲ ಅಲೆ ಏರುವ ಸರ್ಫರ್‌ಗಳು) ಅದನ್ನು ಇನ್ನಷ್ಟು ಹಬ್ಬಿಸಿದರು.

ಭಾಷಾಶಾಸ್ತ್ರಜ್ಞ ಸ್ಕಾಟ್ ಕೀಸ್ಲಿಂಗ್ 2004ರಲ್ಲಿ ಈ ಒಂದೇ ಪದದ ಮೇಲೆ ಲೇಖನ ಬರೆದರು. ಅವರ ಪ್ರಕಾರ ಅದರಲ್ಲಿ ಒಡನಾಟವಿದೆ, ಅತಿ ಆಪ್ತತೆಯಿಲ್ಲ. ಅಚ್ಚರಿಗೂ, ಒಪ್ಪಿಗೆಗೂ, ಬೈದದ್ದನ್ನು ಮೆತ್ತಗೆ ಮಾಡುವುದಕ್ಕೂ ಅದೇ ಸಾಕು.

ಹಾಗಾದರೆ ‘ದೋಸ್ತ’ ಸರಿಸಾಟಿಯಲ್ಲ. ದೋಸ್ತ ಎಂದರೆ ಗೆಳೆಯನಾದ ಒಬ್ಬ ಮನುಷ್ಯ. ಡ್ಯೂಡ್ ಈಗ ಹೆಚ್ಚಾಗಿ ಮಾತಿನ ಧಾಟಿ. ನಮ್ಮಲ್ಲಿ ಆ ಕೆಲಸ ಮಾಡುವುದು ‘ಲೇ’. “ಏನಲೇ!” ಎಂದರೆ ಅಚ್ಚರಿ, “ಹೂನಲೇ” ಎಂದರೆ ಒಪ್ಪಿಗೆ, “ಬ್ಯಾಡಲೇ” ಎಂದರೆ ಅಕ್ಕರೆಯ ತಡೆ. ಮೈಸೂರು ಕಡೆಯವರಿಗೆ ಗಂಡಿಗೆ ‘ಲೋ’, ಹೆಣ್ಣಿಗೆ ‘ಲೇ’. ದಾವಣಗೆರೆಯಲ್ಲಿ ಗಂಡುಮಕ್ಕಳನ್ನೇ ‘ಲೇ’ ಅಂತೀವಿ. ಮೈಸೂರಿನಿಂದ ಬಂದ ನೆಂಟನೊಬ್ಬ ಇದನ್ನು ಕೇಳಿ ಕಣ್ಣು ಬಿಟ್ಟಿದ್ದ.

ಆದರೆ ‘ಲೇ’ಗೆ ಒಂದು ಮಿತಿಯಿದೆ: ವಯಸ್ಸು, ಸಲುಗೆ ತಪ್ಪಿದರೆ ಜಗಳ. ಡ್ಯೂಡ್‌ಗೆ ಆ ಭಯ ಕಡಿಮೆ. ಆ ಹುಡುಗಿ ಅದನ್ನು ಆರಿಸಿಕೊಂಡದ್ದು ಅದಕ್ಕೇ ಇರಬೇಕು ಎಂಬುದು ನನ್ನ ಊಹೆ.

ಚಿತ್ರದುರ್ಗ, ಹಿರಿಯೂರು, ಚಳ್ಳಕೆರೆ ಕಡೆಯವರನ್ನು ಕೇಳುತ್ತೇನೆ: ಹುಡುಗಿಯರು ತಮ್ಮತಮ್ಮಲ್ಲಿ ಬೈಗುಳವೂ ಆಗದ, ಬಹುವಚನವೂ ಆಗದ ಯಾವ ಕನ್ನಡ ಪದದಿಂದ ಕರೆದುಕೊಳ್ಳುತ್ತಾರೆ? ಮನೆಯಲ್ಲಿ ಕೇಳಿದ ವಾಕ್ಯವನ್ನು ಇದ್ದ ಹಾಗೆಯೇ ಬರೆಯಿರಿ.